ಮಗಳಿಗೆ ಕಲಿಸಿದ ಎರಡು ಪಾಠ

ನನ್ನ ಮಗಳಿಗೆ ಏಳು ವರ್ಷ, ತೂಕ ಹತ್ತೊಂಬತ್ತು ಕಿಲೋ. ನನ್ನ ತೂಕ ಅರವತ್ತೆಂಟು. ಈ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲಿ ಅಕ್ಕಪಕ್ಕ ಇಟ್ಟುಕೊಂಡೇ ನಾನು ಹೋದ ವರ್ಷವಿಡೀ ಕಳೆದಿದ್ದೇನೆ. ನೆಲಕ್ಕೆ ಬಿದ್ದ ಅರವತ್ತೆಂಟು ಕಿಲೋದ ತಾಯಿಯನ್ನು ಹತ್ತೊಂಬತ್ತು ಕಿಲೋದ ಮಗು ಮಗ್ಗುಲಿಗೆ ಹೊರಳಿಸಬೇಕು. ಅಂಗಾತ ಬಿಟ್ಟರೆ ಬಾಯಿಯ ನೊರೆ ಉಸಿರಿನ ದಾರಿಗೆ ಇಳಿಯಬಹುದು. ಕಾಪುವಿನ ನಮ್ಮ ಬಾಡಿಗೆ ಮನೆಯಲ್ಲಿ ನಾವಿಬ್ಬರೇ. ಗಂಡ ಮಸ್ಕತ್ತಿನಲ್ಲಿದ್ದಾರೆ, ಎರಡು ವರ್ಷಕ್ಕೊಮ್ಮೆ ಬರುತ್ತಾರೆ.

ನನಗೆ ಫಿಟ್ಸ್ ಬರುತ್ತದೆ. ನಾಲ್ಕು ಅಕ್ಷರ ಬರೆಯಲು ಬರುವ ಟೀಚರ್ ಆಗಿಯೂ ಈ ಒಂದು ಸಾಲು ಬರೆಯಲು ನನಗೆ ಒಂದೂವರೆ ವರ್ಷ ಹಿಡಿಯಿತು.

ಮೊದಲ ಸಲ ಬಂದದ್ದು ಅಜೆಕಾರಿನಲ್ಲಿ, ಗಂಡನ ಮನೆಯಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ. ಸಾರು ಬಡಿಸುವ ಸೌಟು ಕೈಯಲ್ಲಿದ್ದದ್ದು ನೆನಪುಂಟು. ಆಮೇಲೆ ಕಣ್ಣು ಬಿಟ್ಟಾಗ ಕೈಯಲ್ಲಿ ಸೌಟಿರಲಿಲ್ಲ, ಬೀಗದ ಕೈಗಳ ಗೊಂಚಲಿತ್ತು. ಅತ್ತೆ ನನ್ನ ಮುಷ್ಟಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದರು. ಕಬ್ಬಿಣ ಹಿಡಿಸಿದ್ದರಿಂದಲೇ ನಿಂತಿತು ಎಂದು ಅವರು ಇವತ್ತಿಗೂ ನಂಬುತ್ತಾರೆ. ಬೀಗದ ಕೈಗಳ ಹಲ್ಲು ನನ್ನ ಅಂಗೈಯಲ್ಲಿ ಎರಡು ದಿನ ಉಳಿದಿತ್ತು. ಮೂಲೆಯಲ್ಲಿ ಮಗಳು ಊಟದ ತಟ್ಟೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು, ಅನ್ನವೆಲ್ಲ ಅಂಗಿಯ ಮೇಲೆ.

ಮಣಿಪಾಲದ ಆಸ್ಪತ್ರೆಯಲ್ಲಿ ತಲೆಗೆ ವಯರು ಅಂಟಿಸಿ ನೋಡಿದರು, ಸ್ಕ್ಯಾನ್ ಮಾಡಿದರು, ಬೆಳಿಗ್ಗೆ ಒಂದು ರಾತ್ರಿ ಒಂದು ಮಾತ್ರೆ ಬರೆದರು. ಒಂದು ಹೊತ್ತೂ ತಪ್ಪಿಸಬೇಡಿ ಎಂದರು. ಡಾಕ್ಟರು ಕೊನೆಗೆ ಕೇಳಿದರು:

"ಮನೆಯಲ್ಲಿ ಯಾರಿದ್ದಾರೆ?"

"ಮಗಳು."

"ಎಷ್ಟು ವರ್ಷ?"

"ಆರು ಆಗಿದೆ, ಏಳಕ್ಕೆ ಬಿದ್ದಿದೆ."

ಅವರು ಪೆನ್ನಿನ ಮುಚ್ಚಳ ಹಾಕಿದರು. ಅಲ್ಲಿದ್ದ ನರ್ಸಮ್ಮ ಮಾತ್ರ ನನ್ನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಹಾಸಿಗೆಯ ಮೇಲೆ ಮಲಗಿಸಿ, ತಾನು ಮೊಣಕಾಲೂರಿ ಮಗುವಿನಷ್ಟು ಎತ್ತರಕ್ಕೆ ಇಳಿದು ತೋರಿಸಿದರು. ಎಳೆಯುವುದಲ್ಲ, ಎತ್ತುವುದಲ್ಲ. ಆಚೆ ಬದಿಯ ಮೊಣಕಾಲನ್ನು ಮಡಚಿ ನಿಲ್ಲಿಸಬೇಕು. ಒಂದು ಕೈ ಆ ಮೊಣಕಾಲಿಗೆ, ಇನ್ನೊಂದು ಆಚೆಯ ಹೆಗಲಿಗೆ. ತನ್ನ ಕಡೆಗೆ ವಾಲಿಸಿದರೆ ದೇಹ ತಾನಾಗಿ ಹೊರಳುತ್ತದೆ. ನಡುಕ ನಿಂತ ಕೂಡಲೇ ಹೀಗೆ ಮಾಡಬೇಕು. "ಮಕ್ಕಳಿಗೆ ಕಲಿಸಿ, ಕಲಿಯುತ್ತಾರೆ. ಈ ದೊಡ್ಡವರನ್ನು ನಂಬಬೇಡಿ, ಕೀಲಿಕೈ ಹುಡುಕಲಿಕ್ಕೆ ಓಡುತ್ತಾರೆ" ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ.

ಅತ್ತೆ ಅದೇ ವಾರ ಬಸ್ಸು ಹತ್ತಿ ಕಾಪುವಿಗೆ ಬಂದರು. ನನಗೆ ಹುಷಾರಿದೆಯೇ ಎಂದು ಕೇಳಿ, ಒಂದು ಬಾಟಲಿ ಉಪ್ಪಿನಕಾಯಿ ಇಟ್ಟು, ಆಮೇಲೆ ಬಂದ ವಿಷಯ ಹೇಳಿದರು. ನಾದಿನಿಗೆ ಅಂಬಲಪಾಡಿಯ ಕಡೆಯ ಒಂದು ಸಂಬಂಧ ಕೂಡಿ ಬರುತ್ತಿತ್ತು.

"ಮನೆಯಲ್ಲಿ ಹೀಗೊಂದು ಉಂಟು ಅಂತ ಗೊತ್ತಾದರೆ ಯಾರು ಬರ್ತಾರೆ ಹೇಳು? ನಿನ್ನ ಕಾಲಿಗೆ ಬೀಳ್ತೇನೆ, ಮದುವೆ ಒಂದು ಮುಗಿಯಲಿ."

"ಅತ್ತೆ, ಅವಳ ರಕ್ತ ಬೇರೆ, ನನ್ನ ರಕ್ತ ಬೇರೆ. ನನಗೆ ಬಂದದ್ದು ಅವಳಿಗೆ ಹೇಗೆ ಬರುತ್ತದೆ?"

"ಅದು ನಿನಗೆ ಗೊತ್ತು, ನನಗೆ ಗೊತ್ತು. ಊರಿಗೆ ಗೊತ್ತುಂಟಾ?" ಎಂದವರು ಮಗಳ ಕಡೆ ನೋಡಿದರು. "ಇವಳಿಗೂ ನಾಳೆ ಗಂಡು ಬರಬೇಕಲ್ವಾ? ನಮ್ಮಲ್ಲಿ ಬಳಿ ಬರುವುದು ತಾಯಿಯಿಂದ."

ನಮ್ಮ ತುಳುವರಲ್ಲಿ ಬಳಿ ಎಂದರೆ ವಂಶ, ಅದನ್ನು ಹೇಳುವುದು ತಾಯಿಯ ಕಡೆಯಿಂದ. ಆ ಮಾತು ನನಗೆ ನಾಟಿತು. ರಾತ್ರಿ ಗಂಡನಿಗೆ ಫೋನ್ ಮಾಡಿದರೆ ಅವರೂ ಅದನ್ನೇ ಹೇಳಿದರು. "ಸ್ವಲ್ಪ ದಿನ ಮಾರಾಯ್ತಿ. ಮಾತ್ರೆ ತಗೊಳ್ತಿದ್ದೀಯಲ್ಲ, ಇನ್ನು ಬರ್ಲಿಕ್ಕಿಲ್ಲ." ಸಾವಿರ ಮೈಲಿ ದೂರದಿಂದ ಬರ್ಲಿಕ್ಕಿಲ್ಲ ಎಂದು ಹೇಳುವುದು ಸುಲಭ. ಆದರೂ ನಾನು ಒಪ್ಪಿದೆ. ಅವರ ಒತ್ತಾಯಕ್ಕೆ ಒಪ್ಪಿದೆ ಎಂದು ಬರೆದರೆ ಅದು ಸುಳ್ಳು. ನನಗೇ ನಾಚಿಕೆಯಿತ್ತು. ಸ್ಟಾಫ್‌ರೂಮಿನಲ್ಲಿ ನನ್ನ ಬೆನ್ನ ಹಿಂದೆ ಪಿಸುಗುಟ್ಟುವುದನ್ನು, ನನ್ನ ಕ್ಲಾಸಿನಿಂದ ಮಕ್ಕಳನ್ನು ಬಿಡಿಸುವುದನ್ನು ಊಹಿಸಿಯೇ ನನ್ನ ಬಾಯಿಗೆ ಬೀಗ ಬಿದ್ದಿತ್ತು.

ಹಾಗಾಗಿ ನಾನು ಮಗಳಿಗೆ ಎರಡು ಪಾಠ ಕಲಿಸಲು ಹೊರಟೆ.

ಮೊದಲನೆಯದು ಹೊರಳಿಸುವ ಪಾಠ. ಶಾಲೆಯಿಂದ ಬಂದು ಕಾಫಿ ಕುಡಿದಾದ ಮೇಲೆ ನಾನು ಹಾಲ್‌ನಲ್ಲಿ ಚಾಪೆ ಹಾಸಿ ಅಂಗಾತ ಮಲಗುತ್ತಿದ್ದೆ. ಮೊದಲ ದಿನ ಅವಳಿಗೆ ಅದು ಆಟ. ನನ್ನ ಹೊಟ್ಟೆಗೆ ಕಚಗುಳಿ ಇಟ್ಟಳು. ಎರಡನೆಯ ದಿನ ನನ್ನ ಮೊಣಕಾಲು ಎಳೆದು ಎಳೆದು ಸೋತು ನನ್ನ ಪಕ್ಕದಲ್ಲೇ ಬಿದ್ದು ನಕ್ಕಳು. ಮೂರನೆಯ ದಿನವೂ ನಕ್ಕಾಗ ನಾನು ಎದ್ದು ಅವಳ ಕೆನ್ನೆಗೆ ಬಾರಿಸಿದೆ. "ನಗು ಬರ್ತದಾ? ನಾನು ಸತ್ತರೂ ನಗ್ತೀಯಾ?" ಅಂದೆ. ಏಳು ವರ್ಷ ತುಂಬದ ಮಗುವಿಗೆ ಹೇಳುವ ಮಾತೇ ಅದು? ಅವಳು ಅಳಲಿಲ್ಲ. ಕೆನ್ನೆ ಉಜ್ಜಿಕೊಂಡು ಬಂದು, ನನ್ನನ್ನು ಮಲಗು ಎಂದು ತಳ್ಳಿ, ಮೊಣಕಾಲು ಮಡಚಿ, ಹೆಗಲಿಗೆ ಕೈ ಹಾಕಿ ಒಂದೇ ಸಲಕ್ಕೆ ಹೊರಳಿಸಿದಳು. ಆ ದಿನದಿಂದ ಅವಳು ಆ ಚಾಪೆಯ ಹತ್ತಿರ ನಗಲಿಲ್ಲ.

ನಾಲ್ಕು ವಾರದಲ್ಲಿ ಎಲ್ಲ ಕಲಿತಳು. ಹತ್ತಿರದ ಕುರ್ಚಿ ಸರಿಸುವುದು, ತಲೆಯ ಕೆಳಗೆ ಶಾಲು ಮಡಚಿ ಇಡುವುದು, ಬಾಯಿಗೆ ನೀರಾಗಲಿ ಚಮಚವಾಗಲಿ ಹಾಕದಿರುವುದು, ಕೈಕಾಲು ಒತ್ತಿ ಹಿಡಿಯದಿರುವುದು. ಗಡಿಯಾರ ನೋಡಲು ಅವಳಿಗೆ ಇನ್ನೂ ಬರುತ್ತಿರಲಿಲ್ಲ. ದೊಡ್ಡ ಮುಳ್ಳು ಒಂದು ಅಂಕಿಯಿಂದ ಮುಂದಿನ ಅಂಕಿಗೆ ಹೋದರೆ ಒಂದು ಮನೆ ಎಂದು ಹೇಳಿಕೊಟ್ಟೆ. ಒಂದು ಮನೆ ದಾಟಿದರೂ ನಡುಕ ನಿಲ್ಲದಿದ್ದರೆ ನೂರ ಎಂಟಕ್ಕೆ ಫೋನ್. ಮನೆಯಲ್ಲಿ ನಾವು ಆಡುವುದು ತುಳು. ಫೋನಿನಲ್ಲಿ ಮಾತ್ರ ಕನ್ನಡದಲ್ಲೇ ಹೇಳಬೇಕಲ್ಲ, ಅದನ್ನೂ ಬಾಯಿಪಾಠ ಮಾಡಿಸಿದೆ. ಆಫ್ ಮಾಡಿದ ಮೊಬೈಲನ್ನು ಕಿವಿಗಿಟ್ಟುಕೊಂಡು ಅವಳು ಪುಸ್ತಕದ ಕನ್ನಡದಲ್ಲಿ ಒಪ್ಪಿಸುತ್ತಿದ್ದಳು: "ನಮಸ್ಕಾರ. ನನ್ನ ತಾಯಿಗೆ ಪ್ರಜ್ಞೆ ಇಲ್ಲ. ನಮ್ಮ ಮನೆ ಮಸೀದಿಯ ಹಿಂದಿನ ರಸ್ತೆಯಲ್ಲಿ ಇದೆ. ಮೊದಲನೇ ಮಾಳಿಗೆ. ದಯವಿಟ್ಟು ಬೇಗ ಬನ್ನಿ." ಮಗ್ಗಿ ಒಪ್ಪಿಸುವ ಅದೇ ರಾಗ.

ಎರಡನೆಯ ಪಾಠಕ್ಕೆ ನಾಲ್ಕು ವಾರ ಬೇಕಾಗಲಿಲ್ಲ, ನಾಲ್ಕು ನಿಮಿಷ ಸಾಕಾಯಿತು. ಯಾರಿಗೂ ಹೇಳಬಾರದು. ಶಾಲೆಯಲ್ಲಿ ಹೇಳಬಾರದು, ಗೆಳತಿಯರಿಗೆ ಹೇಳಬಾರದು, ಎದುರು ಮನೆಯ ಆಂಟಿಗೆ ಅಂತೂ ಹೇಳಲೇಬಾರದು.

"ಯಾರಾದರೂ ಕೇಳಿದರೆ ಎಂತ ಹೇಳುವುದು?" ಎಂದು ಪರೀಕ್ಷೆ ಮಾಡಿದೆ.

"ಅಮ್ಮನಿಗೆ ತಲೆನೋವು, ಮಲಗಿದ್ದಾರೆ."

"ಜಾಣೆ" ಎಂದು ಅವಳ ಹಣೆಗೆ ಮುತ್ತು ಕೊಟ್ಟೆ.

ಎದುರು ಮನೆಯ ಆಂಟಿ ಎಂದರೆ ಕರಾವಳಿಯ ಬ್ಯಾರಿ ಮುಸ್ಲಿಮರ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅಕ್ಕ ಎನ್ನುತ್ತೇನೆ. ಅವರ ಗಂಡನಿಗೆ ಪೇಟೆಯಲ್ಲಿ ಚಪ್ಪಲಿ ಅಂಗಡಿ. ಮಕ್ಕಳಿಬ್ಬರೂ ಹೊರದೇಶದಲ್ಲಿ. ಅವರಿಗೆ ಮಾತು ಜಾಸ್ತಿ, ಕಿವಿ ಚುರುಕು, ಮೆಟ್ಟಿಲಲ್ಲಿ ಯಾರು ಹತ್ತಿದರೂ ಯಾರು ಇಳಿದರೂ ಗೊತ್ತಾಗಬೇಕು. ನಾನು ಅವರಿಂದ ಮರೆಮಾಚಲು ಪಟ್ಟ ಕಷ್ಟ ಅಷ್ಟಿಷ್ಟಲ್ಲ. ಮಾತ್ರೆಯ ಖಾಲಿ ಹಾಳೆಗಳನ್ನು ಕಸದ ಬುಟ್ಟಿಗೆ ಹಾಕದೆ ಪರ್ಸಿನಲ್ಲಿಟ್ಟು ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಬಿಸಾಡಿ ಬರುತ್ತಿದ್ದೆ. ಕಳ್ಳರಿಗೂ ಇಷ್ಟು ಎಚ್ಚರ ಇರಲಿಕ್ಕಿಲ್ಲ.

ಇದರ ನಡುವೆ ಶಾಲೆಯಲ್ಲಿ ಒಂದು ತಮಾಷೆ ನಡೆಯಿತು. ಸಣ್ಣ ಮಕ್ಕಳಿಗೆ ಪ್ರಥಮ ಚಿಕಿತ್ಸೆ ಕಲಿಸಬೇಕು, ಶಾಲೆಗೊಬ್ಬರು ತರಬೇತಿಗೆ ಬನ್ನಿ ಎಂದು ಆದೇಶ ಬಂತು. ಉಳಿದವರೆಲ್ಲ ಒಂದೊಂದು ನೆಪ ಹೇಳಿದ್ದರಿಂದ ಅದು ನನ್ನ ಪಾಲಿಗೆ ಬಂತು. ಉಡುಪಿಯಲ್ಲಿ ಒಂದು ದಿನ ಕೂರಿಸಿ ಎಲ್ಲ ಹೇಳಿಕೊಟ್ಟರು. ಫಿಟ್ಸಿನ ಪಾಠಕ್ಕೆ ರೋಗಿಯಾಗಿ ಮಲಗಲು ಯಾರಾದರೂ ಮುಂದೆ ಬನ್ನಿ ಎಂದಾಗ ನಾನು ಎದ್ದು ಬಾತ್‌ರೂಮಿಗೆ ಹೋದೆ. ಸಂಜೆ ಒಂದು ಡಬ್ಬಿ ಮತ್ತು ಗೋಡೆಗೆ ತೂಗುಹಾಕುವ ಚಾರ್ಟುಗಳ ಕಟ್ಟು ಹಿಡಿದುಕೊಂಡು ಮನೆಗೆ ಬಂದೆ.

ಒಂದರಿಂದ ಮೂರನೇ ಕ್ಲಾಸಿನವರನ್ನು ಒಟ್ಟಿಗೆ ಕೂರಿಸಿ ಶುರು ಮಾಡಿದೆ. ಇಪ್ಪತ್ತೆರಡು ಮಕ್ಕಳು. ನನ್ನ ಮಗಳು ಎರಡನೇ ಕ್ಲಾಸು, ಎರಡನೇ ಸಾಲು.

"ಕೈ ಸುಟ್ಟರೆ ಎಂತ ಮಾಡಬೇಕು?"

"ಟೂತ್‌ಪೇಸ್ಟ್, ಟೀಚರ್!"

"ಅಲ್ಲ ಟೀಚರ್, ಕಾಫಿ ಪುಡಿ!"

"ನನ್ನ ಅಜ್ಜಿ ತೆಂಗಿನೆಣ್ಣೆ ಹಾಕ್ತಾರೆ!"

"ನೀವೆಲ್ಲ ಸೇರಿ ಕೈಗೆ ಒಗ್ಗರಣೆ ಹಾಕ್ತೀರಾ?" ಎಂದು ಕೇಳಿದೆ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಳ್ಳಿಯ ಕೆಳಗೆ ಕೈ ಹಿಡಿದು ನಿಲ್ಲಬೇಕು ಎಂದು ಹೇಳಿಕೊಟ್ಟೆ, ಎಲ್ಲರನ್ನೂ ನಳ್ಳಿಯ ಹತ್ತಿರ ಸಾಲು ನಿಲ್ಲಿಸಿದೆ. ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕಲ್ಲ, ಮುಂದಕ್ಕೆ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬಾರದು, ಓಡಬಾರದು. ಎಲ್ಲಕ್ಕಿಂತ ಮೊದಲು ದೊಡ್ಡವರನ್ನು ಕೂಗಬೇಕು. "ಹೇಗೆ ಕೂಗಬೇಕು?" ಎಂದು ಕೇಳಿದರೆ ಇಪ್ಪತ್ತೆರಡು ಮಕ್ಕಳೂ ಹೆಂಚಿನ ಮಾಡು ಹಾರಿಹೋಗುವಂತೆ ಕೂಗಿದರು. ಹೆಡ್‌ಮಾಸ್ಟರು ಓಡಿ ಬಂದರು.

ಚಾರ್ಟಿನ ಮುಂದಿನ ಹಾಳೆಯಲ್ಲಿ ಒಬ್ಬ ಮನುಷ್ಯ ನೆಲದ ಮೇಲೆ ಬಿದ್ದಿದ್ದ. ಕೈಕಾಲು ಸೆಟೆದಿದ್ದವು. ಬಾಯಿಯ ಹತ್ತಿರ ಬಿಳಿ ಬಣ್ಣ. ನಾನು ಆ ಹಾಳೆಯನ್ನೂ ಅದರ ಹಿಂದಿನದನ್ನೂ ಸೇರಿಸಿ ಮಗುಚಿದೆ.

"ಟೀಚರ್, ಅದು ಎಂತ?" ಎಂದು ಯಾರೋ ಕೇಳಿದರು.

"ಅದು ದೊಡ್ಡ ಕ್ಲಾಸಿನವರಿಗೆ."

ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎಂಬ ಗಾದೆಗೆ ಚಿತ್ರ ಬೇಕಿದ್ದರೆ ನನ್ನದನ್ನು ಹಾಕಬಹುದಿತ್ತು. ಎರಡನೇ ಸಾಲಿನಿಂದ ಮಗಳು ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಪ್ರಶ್ನೆ ಇರಲಿಲ್ಲ. ಸರಿ ಉತ್ತರ ಗೊತ್ತಿರುವ ವಿದ್ಯಾರ್ಥಿಯ ಹಾಗೆ ಸಣ್ಣಗೆ ತಲೆಯಾಡಿಸಿದಳು. ಆಗಲೇ ನನಗೆ ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಎಷ್ಟು ಬುದ್ಧಿವಂತೆ ನನ್ನ ಮಗಳು ಎಂದುಕೊಂಡೆ.

ಮನೆಯಲ್ಲಿ ಅವಳು ಬದಲಾಗುತ್ತಿದ್ದಳು. ನಾನು ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ಕೂತು ನೀರಿನ ಸದ್ದು ಕೇಳುತ್ತಿದ್ದಳು. ಸದ್ದು ನಿಂತರೆ ತಟ್ಟುತ್ತಿದ್ದಳು. ತರಕಾರಿ ಹೆಚ್ಚುವಾಗ ನನ್ನ ಬೆರಳುಗಳನ್ನೇ ನೋಡುತ್ತಿದ್ದಳು, ನಡುಗುತ್ತವೋ ಎಂದು. ಗೆಳತಿಯ ಬರ್ತ್‌ಡೇಗೆ ಹೊಸ ಫ್ರಾಕು ಹಾಕಿಸಿದರೆ ಮೆಟ್ಟಿಲ ತನಕ ಹೋಗಿ ವಾಪಸು ಬಂದಳು. "ಅಲ್ಲಿಂದ ನಮ್ಮ ಮನೆ ಕಾಣುವುದಿಲ್ಲ" ಎಂದಳು. ನಾನು ಬೈದೆ. ಬೈದು ಆದ ಮೇಲೆ ಅಡಿಗೆಮನೆಯಲ್ಲಿ ನಿಂತು ಕಣ್ಣೀರು ಹಾಕಿದೆ. ಮಗುವಿನ ಬಾಲ್ಯವನ್ನು ನನ್ನ ಕಾವಲಿಗೆ ಹಚ್ಚಿದ್ದೇನೆ ಎಂದು ಗೊತ್ತಿತ್ತು. ಆದರೆ ಕಾವಲು ಬಿಡಿಸಿದರೆ ನನಗೆ ಯಾರಿದ್ದಾರೆ? ಅವಳ ಮುಂದೆ ಅಳಬಾರದು ಎಂಬ ಒಂದು ಮರ್ಯಾದೆ ಮಾತ್ರ ಉಳಿಸಿಕೊಂಡಿದ್ದೆ.

ಮಾತ್ರೆಯ ದೆಸೆಯಿಂದ ಎಂಟು ತಿಂಗಳು ಏನೂ ಆಗಲಿಲ್ಲ. ಆಮೇಲೆ ಒಂದು ಗುರುವಾರ ಶಾಲೆಗೆ ರಜೆ, ಗಂಡಿನ ಕಡೆಯವರು ಅಜೆಕಾರಿಗೆ ಬರುವವರಿದ್ದರು. ಅತ್ತೆ ನನ್ನನ್ನೂ ಕರೆದರು, ಹಿರಿ ಸೊಸೆ ಇಲ್ಲದಿದ್ದರೆ ಜನ ಏನೆಂದುಕೊಳ್ಳುತ್ತಾರೆ ಎಂದು. ಮಗಳನ್ನೂ ಕರೆದುಕೊಂಡು ಹೋದೆ. ಹೊತ್ತಾದ್ದರಿಂದ ಬಂದವರಲ್ಲಿ ಹೆಂಗಸರು ಇಬ್ಬರು ಅಲ್ಲೇ ಉಳಿದರು, ಮಲಗಿದ್ದು ನನ್ನ ಕೋಣೆಯಲ್ಲೇ. ಅವರ ಕಣ್ಣೆದುರು ಪರ್ಸಿನಿಂದ ಮಾತ್ರೆ ತೆಗೆಯುವುದು ಹೇಗೆ? ರಾತ್ರಿಯದು ತಪ್ಪಿತು. ಬೆಳಿಗ್ಗೆ ಅವರಿಗೆ ತಿಂಡಿ ಮಾಡಿಕೊಟ್ಟು, ಕಾರ್ಕಳಕ್ಕೆ ಬಂದು ಅಲ್ಲಿಂದ ಪಡುಬಿದ್ರಿ ಬಸ್ಸು ಹಿಡಿದು ನೇರ ಶಾಲೆಗೆ ಓಡುವ ಗಡಿಬಿಡಿಯಲ್ಲಿ ಆ ಹೊತ್ತಿನದೂ ತಪ್ಪಿತು. ಶುಕ್ರವಾರ ಸಂಜೆ ದಣಿದು ಬಂದವಳು ಊಟವನ್ನೂ ಮಾಡದೆ ನಿದ್ದೆ ಹೋದೆ. ಹೀಗೆ ಮೂರು ಹೊತ್ತು. ನಾದಿನಿಯ ಮದುವೆ ತಪ್ಪೀತೆಂದು ಹೆದರಿ ನನ್ನ ಮಾತ್ರೆ ನಾನೇ ತಪ್ಪಿಸಿದೆ.

ಶನಿವಾರ ಅರ್ಧ ದಿನ ಶಾಲೆ. ಮನೆಗೆ ಬಂದು ಕುಚ್ಚಲಕ್ಕಿ ಒಲೆಯ ಮೇಲಿಟ್ಟೆ. ಸಿಂಕಿನಲ್ಲಿ ಬೂತಾಯಿ ಮೀನು ತೊಳೆಯುತ್ತಿದ್ದೆ. ಅಷ್ಟೇ ನನಗೆ ಗೊತ್ತಿರುವುದು. ಮುಂದಿನದೆಲ್ಲ ಮಗಳು ಹೇಳಿದ್ದು. ಅವಳಿಂದ ಒಂದೊಂದೇ ಬಿಡಿಸಿ ಕೇಳಲು ನನಗೆ ಎರಡು ದಿನ ಬೇಕಾಯಿತು.

ನನಗೆ ಎಚ್ಚರವಾದಾಗ ಮಗ್ಗುಲಾಗಿ ಮಲಗಿದ್ದೆ. ತಲೆಯ ಕೆಳಗೆ ಶಾಲು ಇತ್ತು. ಮೈಮೇಲೆ ಹೊದಿಕೆ ಇತ್ತು, ಬಟ್ಟೆ ಒದ್ದೆಯಾಗಿದ್ದರಿಂದ ಅವಳು ಹೊದೆಸಿದ್ದಳು. ನಾಲಿಗೆಯೂ ತುಟಿಯೂ ಕಚ್ಚಿಹೋಗಿ ಬಾಯೆಲ್ಲ ರಕ್ತದ ರುಚಿ. ಮಧ್ಯಾಹ್ನವಾದರೂ ಮನೆ ಕತ್ತಲೆ. ಟಿವಿ ಕಿವಿ ಕಿತ್ತುಹೋಗುವಷ್ಟು ಜೋರಾಗಿ ಹಾಡುತ್ತಿತ್ತು. ಅನ್ನ ಹೊತ್ತಿದ ವಾಸನೆ. ಮಗಳು ನನ್ನ ತಲೆಯ ಹತ್ತಿರ ಕೂತು ಗೋಡೆಯ ಗಡಿಯಾರ ನೋಡುತ್ತಿದ್ದಳು. ಕೈಯಲ್ಲಿ ಮೊಬೈಲು.

"ಅಮ್ಮ, ನಡುಕ ಎರಡು ಮನೆ ಇತ್ತು. ಆಮೇಲೆ ನಿಂತಿತು, ಆಗ ಹೊರಳಿಸಿದೆ. ನೀನು ಮಲಗಿ ಮೂರು ಮನೆ ಆಯಿತು" ಎಂದಳು.

ಎರಡು ಮನೆ ಎಂದರೆ ಹತ್ತು ನಿಮಿಷ. ಹತ್ತು ನಿಮಿಷದ ಫಿಟ್ಸ್‌ನಲ್ಲಿ ಜನ ಸಾಯುತ್ತಾರೆ.

"ಫೋನ್ ಮಾಡಿದೆಯಾ?"

ಅವಳು ತಲೆ ಅಲ್ಲಾಡಿಸಿದಳು, ಇಲ್ಲ ಎಂದು. "ಆ್ಯಂಬುಲೆನ್ಸ್ ಬಂದರೆ ಸೈರನ್ ಆಗ್ತದಲ್ಲ ಅಮ್ಮ. ಎಲ್ಲರಿಗೂ ಗೊತ್ತಾಗ್ತದೆ."

ನಾನು ಬಿದ್ದ ಕೂಡಲೇ ಅವಳು ಕುರ್ಚಿ ಸರಿಸಿದ್ದಳು, ಶಾಲು ಇಟ್ಟಿದ್ದಳು, ಗಡಿಯಾರ ನೋಡಿದ್ದಳು. ಆಮೇಲೆ ಕಿಟಕಿಗಳನ್ನು ಮುಚ್ಚಿ ಪರದೆ ಎಳೆದಿದ್ದಳು. ನನ್ನ ಗಂಟಲಿನಿಂದ ಸದ್ದು ಬರುತ್ತಿತ್ತಂತೆ. ಅದು ಹೊರಗೆ ಕೇಳಬಾರದು ಎಂದು ಟಿವಿ ಜೋರು ಮಾಡಿದ್ದಳು. ಬಾಗಿಲಿನ ಮೇಲಿನ ಚಿಲಕ ಅವಳಿಗೆ ಎಟುಕುವುದಿಲ್ಲ. ಸ್ಟೂಲು ಎಳೆದು ತಂದು ಹತ್ತಿ ಅದನ್ನೂ ಹಾಕಿದ್ದಳು. ನನ್ನ ಕೈಕಾಲು ನೆಲಕ್ಕೆ ಬಡಿಯುತ್ತಿರುವಾಗ ಇದನ್ನೆಲ್ಲ ಮಾಡಿದ್ದಳು, ಒಂದನ್ನೂ ಮರೆಯದೆ.

ಅಷ್ಟರಲ್ಲಿ ಒಲೆಯ ಮೇಲೆ ಅನ್ನದ ನೀರು ಆರಿ ತಳ ಹೊತ್ತಿತು. ಎದುರು ಮನೆಯ ಅಕ್ಕನಿಗೆ ವಾಸನೆ ಬಡಿಯಿತು, ಬಂದು ಬಾಗಿಲು ತಟ್ಟಿದರು.

"ಟೀಚರೇ, ಎಂತ ಹೊತ್ತಿಹೋಗ್ತಾ ಉಂಟು? ಬಾಗಿಲು ತೆಗೆಯಿರಿ!"

ನಾನು ಇನ್ನೂ ನಡುಗುತ್ತಿದ್ದೆ. ಬಾಗಿಲಿಗೂ ನನಗೂ ಆರು ಹೆಜ್ಜೆ. ಮಗಳು ಬಾಗಿಲ ಹತ್ತಿರ ಹೋಗಿ, ಚಿಲಕ ತೆಗೆಯದೆ, ಪಾಠ ಒಪ್ಪಿಸುವ ದನಿಯಲ್ಲಿ ಹೇಳಿದಳು: "ಅಮ್ಮನಿಗೆ ತಲೆನೋವು, ಮಲಗಿದ್ದಾರೆ."

"ಅನ್ನ ನೋಡು ಮಗಾ, ಗ್ಯಾಸ್ ಆಫ್ ಮಾಡು" ಎಂದು ಹೇಳಿ ಅಕ್ಕ ಹೋದರು. ಅವರ ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆ ಮಗಳು ಗ್ಯಾಸ್ ಆಫ್ ಮಾಡಿದಳಂತೆ. ಗ್ಯಾಸ್ ಮುಟ್ಟಬಾರದು ಎಂದು ನಾನು ಹೇಳಿದ್ದರಿಂದ ಆ ತನಕ ಮುಟ್ಟಿರಲಿಲ್ಲ. "ನೀನು ಬೈತೀಯಾ ಅಂತ ಹೆದರಿಕೆ ಆಯಿತು" ಎಂದಳು. ಆ ಹತ್ತು ನಿಮಿಷದಲ್ಲಿ ಅವಳು ಹೆದರಿದ್ದು ಅದೊಂದಕ್ಕೆ ಮಾತ್ರವಂತೆ.

ಅವಳು ನನ್ನ ಪ್ರಾಣ ಉಳಿಸಿದಳು ಎಂದು ಬರೆಯಲು ನನಗೆ ಆಸೆ ಉಂಟು. ನಿಜ ಹೇಳಬೇಕೆಂದರೆ ನಡುಕ ತಾನಾಗಿ ನಿಂತದ್ದರಿಂದ ನಾನು ಉಳಿದೆ. ನಿಲ್ಲದಿದ್ದರೆ ನನ್ನ ಮಗಳು ಆ ಮುಚ್ಚಿದ ಮನೆಯಲ್ಲಿ ಮನೆ ಎಣಿಸುತ್ತ ಎಣಿಸುತ್ತ ನನ್ನ ಹೆಣದ ಪಕ್ಕ ಕೂತಿರುತ್ತಿದ್ದಳು. ಯಾರು ಬಾಗಿಲು ತಟ್ಟಿದರೂ ತಲೆನೋವು ಎನ್ನುತ್ತಿದ್ದಳು. ಈ ಚಿತ್ರ ನನ್ನ ತಲೆಯಿಂದ ಹೋಗುವುದಿಲ್ಲ. ಕ್ಲಾಸಿನಲ್ಲಿ ಕೂಡಿಸುವ ಲೆಕ್ಕ ಬರೆಯುವಾಗಲೂ ಬರುತ್ತದೆ.

ಆ ಸಂಜೆ ಗಂಡನಿಗೂ ಅತ್ತೆಗೂ ಫೋನ್ ಮಾಡಿ ಹೇಳಿದೆ. ಅತ್ತೆಯ ಮೊದಲ ಪ್ರಶ್ನೆ: "ಯಾರಿಗಾದರೂ ಗೊತ್ತಾಯಿತಾ?"

"ಇಲ್ಲ ಅತ್ತೆ. ನಿಮ್ಮ ಮೊಮ್ಮಗಳು ಯಾರಿಗೂ ಗೊತ್ತಾಗಲಿಕ್ಕೆ ಬಿಡಲಿಲ್ಲ."

ಅವರು ದೊಡ್ಡದಾಗಿ ಉಸಿರು ಬಿಟ್ಟದ್ದು ಕೇಳಿಸಿತು. ಸಿಟ್ಟು ನೆತ್ತಿಗೇರಿತು, ಆದರೆ ಯಾರ ಮೇಲೆ ತೀರಿಸಲಿ? ಅವರು ಕೇಳಿಕೊಂಡದ್ದು ಬಾಯಿ ಮುಚ್ಚಿಕೊಂಡಿರು ಎಂದು ನನ್ನನ್ನು ಮಾತ್ರ. ಮಗುವಿಗೆ ಅದನ್ನು ಪಾಠ ಮಾಡಿ, ಪರೀಕ್ಷೆ ಮಾಡಿ, ಪಾಸಾದಾಗ ಮುತ್ತು ಕೊಟ್ಟವಳು ನಾನು. "ನಾನು ಇನ್ನು ಯಾರಿಂದಲೂ ಅಡಗಿಸುವುದಿಲ್ಲ" ಎಂದು ಹೇಳಿದೆ. ಹಾಗಾದರೆ ನಿಶ್ಚಿತಾರ್ಥಕ್ಕೆ ಬರುವುದು ಬೇಡ ಎಂದರು. ಹೋಗಲಿಲ್ಲ. ಅಲ್ಲಿಂದ ಈಚೆಗೆ ಅವರ ಫೋನ್ ಬಂದಿಲ್ಲ.

ಭಾನುವಾರ ಬೆಳಿಗ್ಗೆ ಮಗಳ ಕೈ ಹಿಡಿದು ಎದುರು ಮನೆಯ ಬೆಲ್ಲು ಒತ್ತಿದೆ. ಅಕ್ಕ ತಲೆಯ ಮೇಲೆ ಶಾಲು ಎಳೆದುಕೊಳ್ಳುತ್ತ ಬಂದರು, ನನ್ನ ಕಚ್ಚಿಹೋದ ತುಟಿ ನೋಡಿ ನಿಂತರು.

"ಅಕ್ಕ, ನಿಮ್ಮ ಹತ್ತಿರ ಒಂದು ಮಾತು ಹೇಳಬೇಕು. ನನಗೆ..."

ಮಗಳು ಹಾರಿ ನನ್ನ ಬಾಯಿ ಮುಚ್ಚಿದಳು. ಎರಡೂ ಕೈಯಿಂದ, ಶಕ್ತಿ ಇದ್ದಷ್ಟು. ಕಣ್ಣು ಅಗಲವಾಗಿತ್ತು. "ಅಮ್ಮ, ಹೇಳಬಾರದು! ತಲೆನೋವು! ತಲೆನೋವು ಅಂತ ಹೇಳು!" ಎಂದು ತುಳುವಿನಲ್ಲಿ ಕಿರುಚಿದಳು. ನಾನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಆ ಕೈಗಳನ್ನು ಹಿಡಿದುಕೊಂಡೇ ಎಲ್ಲವನ್ನೂ ಹೇಳಿದೆ. ಅವಳು ನನ್ನ ಚೂಡಿದಾರದಲ್ಲಿ ಮುಖ ಹುದುಗಿಸಿ ಅತ್ತಳು. ನಾನು ಬಿದ್ದ ದಿನ ಅಳದಿದ್ದವಳು.

ಅಕ್ಕ ಮೊದಲು ಸಿಟ್ಟಾದರು. "ನಾನು ಬಾಗಿಲ ಹೊರಗೆ ನಿಂತಿದ್ದೆ ಅಲ್ವಾ ಟೀಚರೇ! ಇಷ್ಟು ಹತ್ತಿರ! ಮಗು ತಲೆನೋವು ಅಂತ ಹೇಳಿತು, ನಾನು ವಾಪಸು ಬಂದು ಚಾ ಕುಡಿದೆ." ಆಮೇಲೆ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡರು. "ಎಲ್ಲರ ಮನೆಯ ದೋಸೆಯೂ ತೂತೇ. ಇದನ್ನು ಮುಚ್ಚಲಿಕ್ಕೆ ಈ ಮಗುವನ್ನು ನಿಲ್ಲಿಸಿದಿರಾ?" ಎಂದರು. ಅವತ್ತೇ ನಮ್ಮ ಬಾಗಿಲಿನ ಮೇಲಿನ ಚಿಲಕವನ್ನು ಅವರ ಗಂಡ ಬಂದು ಬಿಚ್ಚಿಕೊಟ್ಟರು.

ಸೋಮವಾರ ಶಾಲೆಯಲ್ಲಿ ನಾನು ದಾಟಿಸಿದ್ದ ಹಾಳೆಯನ್ನು ಬಿಡಿಸಿ ತೂಗುಹಾಕಿದೆ. "ಇದು ಟೀಚರಿಗೆ ಬರುತ್ತದೆ. ಹೀಗೆ ಬಿದ್ದರೆ ನೀವೇ ನೋಡಿಕೊಳ್ಳಬೇಕು" ಎಂದೆ. ಒಬ್ಬ ತನ್ನ ಮಾವನಿಗೂ ಉಂಟು ಎಂದ. ಇನ್ನೊಬ್ಬಳು ಟೀಚರ್, ನೋಯುತ್ತದಾ ಎಂದು ಕೇಳಿದಳು. ಇಷ್ಟು ದಿನ ನಾನು ಹೆದರಿದ್ದು ಇವರಿಗೆ. ಹೊರಳಿಸಿ ತೋರಿಸಲು ಯಾರು ಬರುತ್ತೀರಿ ಎಂದಾಗ ಎಲ್ಲ ಕೈಗಳೂ ಮೇಲೆದ್ದವು, ಒಂದು ಬಿಟ್ಟು. ನಾನು ಬೇಕೆಂದೇ ಮಗಳನ್ನು ಕರೆದೆ. ಇಡೀ ಶಾಲೆಯಲ್ಲಿ ಅದನ್ನು ನನಗಿಂತ ಚೆನ್ನಾಗಿ ಬಲ್ಲವಳು ಅವಳೊಬ್ಬಳೇ. ಅವಳು ಎದ್ದು ನಿಂತು ತಲೆ ತಗ್ಗಿಸಿದಳು. ಶಾಲೆಯಲ್ಲಿ ನನ್ನನ್ನು ಅಮ್ಮ ಎನ್ನುವಂತಿಲ್ಲ.

"ನನಗೆ ಗೊತ್ತಿಲ್ಲ ಟೀಚರ್" ಎಂದಳು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಪೋಷಕರ ಸಭೆಯಲ್ಲಿ ನಾನು ಎಷ್ಟು ಸಲ ಹೇಳಿಲ್ಲ! ಗಿಡವನ್ನು ತಪ್ಪಾಗಿ ಬಗ್ಗಿಸಿದವರು ಮುಂದೆ ಏನು ಮಾಡಬೇಕು ಎಂದು ಯಾರೂ ಕೇಳಿರಲಿಲ್ಲ, ನನಗೂ ತಿಳಿಯದು.

ಈಗ ನಾವು ಮನೆಯಲ್ಲಿ ಅಭ್ಯಾಸ ಮಾಡುವುದು ಒಂದನ್ನೇ. ಸಂಜೆ ನಾನು ಚಾಪೆಯ ಮೇಲೆ ಮಲಗುತ್ತೇನೆ. ಎದುರು ಮನೆಯ ಅಕ್ಕ ತಮ್ಮ ಬಾಗಿಲು ಮುಚ್ಚಿಕೊಂಡು ಒಳಗೆ ಕಿವಿಗೊಟ್ಟು ನಿಲ್ಲುತ್ತಾರೆ. ಮಗಳು ನನ್ನನ್ನು ಹೊರಳಿಸುತ್ತಾಳೆ, ಗಡಿಯಾರ ನೋಡುತ್ತಾಳೆ, ಓಡಿಹೋಗಿ ಬಾಗಿಲು ತೆರೆಯುತ್ತಾಳೆ. ಬಾಗಿಲು ತೆರೆಯುವುದಕ್ಕೇ ಎರಡು ವಾರ ಬೇಕಾಯಿತು. ಇನ್ನು ಹೊಸ್ತಿಲಲ್ಲಿ ನಿಂತು ಕೂಗಬೇಕು. "ಆಂಟಿ, ಬನ್ನಿ" ಎಂದರೆ ಸಾಕು. ಅವಳ ಬಾಯಿ ತೆರೆಯುವುದು ನನಗೆ ನೆಲದಿಂದ ಕಾಣುತ್ತದೆ. ಕತ್ತಿನ ನರ ಉಬ್ಬುತ್ತದೆ. ಸ್ವರ ಬರುವುದಿಲ್ಲ. ಎದ್ದು ಹೋಗಿ ಅವಳನ್ನು ಅಪ್ಪಿಕೊಳ್ಳಬೇಕೆಂದು ಜೀವ ಬಡಿದುಕೊಳ್ಳುತ್ತದೆ, ಆದರೆ ನಾನು ಏಳಬಾರದು. ಏಳಲಾರದವಳ ಹಾಗೆ ಬಿದ್ದುಕೊಂಡೇ ಇರಬೇಕು. ಅಲ್ಲಿಂದಲೇ ಹೇಳುತ್ತೇನೆ, "ಕೂಗು ಮಗಾ. ಎಲ್ಲರಿಗೂ ಗೊತ್ತಾಗಲಿ, ಕೂಗು."

ಸ್ವಲ್ಪ ಹೊತ್ತಾದ ಮೇಲೆ ಎದುರಿನ ಬಾಗಿಲು ತೆರೆಯುತ್ತದೆ. ಅಕ್ಕ ಮಗಳ ತಲೆ ಸವರಿ, ಅವಳ ಮೇಲಿಂದ ನನ್ನ ಕಡೆ ನೋಡುತ್ತಾರೆ.

"ಇವತ್ತೂ ಕೇಳಲಿಲ್ಲ ಟೀಚರೇ" ಎನ್ನುತ್ತಾರೆ.